ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಮಿಶೆಲಿನ್ ತಕ್ಕಡಿ: ಒಂದು ಪ್ರಕರಣ ಅಧ್ಯಯನ

ಹೋಟೆಲುಗಳ ಅಡುಗೆ ತೂಗಿ ನಕ್ಷತ್ರ ಕೊಡುವ ಫ್ರಾನ್ಸಿನ ಮಿಶೆಲಿನ್ ಗೈಡಿನ ಮನ್ನಣೆ ತುಮಕೂರಿನ ಹೋಟೆಲುಗಳಿಗೆ ಸಲ್ಲಬೇಕೇ ಎಂದು ಕೇಳಿ ನೋಡಿ. ‘ಅಯ್ಯೋ, ನಮ್ಮ ಇಡ್ಲಿಗೂ ಫ್ರಾನ್ಸಿಗೂ ಎಲ್ಲಿಂದೆಲ್ಲಿಗೆ’ ಎಂದು ನಗುವವರು ಕೆಲವರು. ‘ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಕೊಡದೆ ಇನ್ಯಾವುದಕ್ಕೆ ಕೊಡ್ತಾರೆ’ ಎಂದು ಪಟ್ಟು ಹಿಡಿಯುವವರು ಇನ್ನು ಕೆಲವರು. ಎರಡೂ ಗಲ್ಲಾಪೆಟ್ಟಿಗೆಯ ಈಚೆ ನಿಂತವರ ಮಾತು. ಉತ್ತರ ಇರುವುದು ಒಳಗೆ, ಹಿಟ್ಟಿನ ಕೊಳಗದ ಹತ್ತಿರ.

ತೂಕಕ್ಕೆ ತೆಗೆದುಕೊಂಡಿರುವುದು ಒಂದೇ ಹೋಟೆಲು. ಹೆಸರು ಹುಡುಕಬೇಡಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನಿಂದ ಬರುವಾಗ ತುಮಕೂರು ಪೇಟೆಗಿಂತ ಮೊದಲು ಕ್ಯಾತ್ಸಂದ್ರ ಸಿಗುತ್ತದೆ; ಅಲ್ಲಿಯ ಇಡ್ಲಿ ಹೋಟೆಲುಗಳ ಸಾಮಾನ್ಯ ನಡೆಯನ್ನೆಲ್ಲ ಒಂದು ಅಡುಗೆಮನೆಗೆ ಕೂಡಿಸಿ ಮಾಡಿಕೊಂಡ ಮಾದರಿ ಇದು. ಬೆಳಗ್ಗೆ 6ಕ್ಕೆ ಬಾಗಿಲು ತೆಗೆದು 11:30ಕ್ಕೆ ಎಳೆಯುತ್ತಾರೆ. ತಟ್ಟೆ ಇಡ್ಲಿ, ಉದ್ದಿನ ವಡೆ, ಕಾಫಿ, ಟೀ, ಇಷ್ಟೇ. ದಿನಕ್ಕೆ 600 ಇಡ್ಲಿ, ಎರಡು ಹಬೆ ಪೆಟ್ಟಿಗೆ, ಏಳು ಜನ ಕೆಲಸಗಾರರು. ತಗಡಿನ ಟೇಬಲ್, ಪ್ಲಾಸ್ಟಿಕ್ ಸ್ಟೂಲ್, ನಿಂತು ತಿನ್ನುವವರೇ ಹೆಚ್ಚು.

ತಕ್ಕಡಿ ಯಾವುದು

1900ರಲ್ಲಿ ಟೈರ್ ಕಂಪನಿಯ ಮಿಶೆಲಿನ್ ಸಹೋದರರು ಕಾರು ಓಡಿಸುವವರಿಗೆ ಪುಕ್ಕಟೆ ಹಂಚಿದ ಕೈಪಿಡಿ ಈ ಗೈಡ್. ಟೈರ್ ಬದಲಿಸುವುದು ಹೇಗೆ, ಪೆಟ್ರೋಲ್ ಎಲ್ಲಿ ಸಿಗುತ್ತದೆ, ರಾತ್ರಿ ಎಲ್ಲಿ ತಂಗಬಹುದು ಎಂದು ಹೇಳುತ್ತಿತ್ತು. ಜನ ಓಡಾಡಿದಷ್ಟೂ ಟೈರ್ ಸವೆಯುತ್ತದಲ್ಲ! 1926ರಲ್ಲಿ ನಕ್ಷತ್ರ ಬಂತು, 1931ರಲ್ಲಿ ಒಂದು-ಎರಡು-ಮೂರು ಎಂಬ ಮೆಟ್ಟಿಲು. ಆ ಮೆಟ್ಟಿಲುಗಳ ಅರ್ಥ ಇವತ್ತಿಗೂ ರಸ್ತೆಯ ಭಾಷೆಯಲ್ಲೇ ಇದೆ: ದಾರಿಯಲ್ಲಿ ಸಿಕ್ಕರೆ ನಿಲ್ಲಿಸಿ, ದಾರಿ ಬಿಟ್ಟಾದರೂ ಹೋಗಿ, ಅದಕ್ಕೆಂದೇ ಮನೆಯಿಂದ ಹೊರಡಿ. ಹೆದ್ದಾರಿ ಬದಿಯ ಇಡ್ಲಿಗೆ ಇದಕ್ಕಿಂತ ಹೊಂದುವ ಅಳತೆ ಸಿಗುವುದು ಕಷ್ಟ.

ನಕ್ಷತ್ರಕ್ಕೆ ನೋಡುವುದು ಐದನ್ನು. ಸಾಮಗ್ರಿಯ ಗುಣಮಟ್ಟ, ರುಚಿಗಳ ಹೊಂದಾಣಿಕೆ, ಕೈಚಳಕ, ಅಡುಗೆಯಲ್ಲಿ ಕಾಣುವ ಬಾಣಸಿಗರ ವ್ಯಕ್ತಿತ್ವ, ಮತ್ತು ಐದನೆಯದು ಒಂದೇ ಮಟ್ಟ: ಇವತ್ತು ಇದ್ದದ್ದು ನಾಳೆಯೂ ಇರಬೇಕು, ಒಂದು ತಿಂಡಿಯಲ್ಲಿದ್ದ ಮಟ್ಟ ಇನ್ನೊಂದರಲ್ಲೂ ಇರಬೇಕು. ಕುರ್ಚಿ, ಏಸಿ, ಟೇಬಲ್ ಬಟ್ಟೆ ಇವಕ್ಕೆ ನಕ್ಷತ್ರದ ಲೆಕ್ಕದಲ್ಲಿ ಅಂಕ ಇಲ್ಲ. ಪರೀಕ್ಷಕರು ಗುರುತು ಹೇಳದೆ ಬರುತ್ತಾರೆ, ತಿಂದ ದುಡ್ಡು ಕೊಟ್ಟು ಹೋಗುತ್ತಾರೆ. ಒಬ್ಬರ ಅಭಿಪ್ರಾಯದ ಮೇಲೆ ನಕ್ಷತ್ರ ಬರುವುದಿಲ್ಲ, ಕೂತು ಚರ್ಚಿಸಿ ಕೊಡುತ್ತಾರೆ. ಕೊಡುವುದೂ ಹೋಟೆಲಿಗೆ, ಬಾಣಸಿಗರಿಗಲ್ಲ. ನಕ್ಷತ್ರದ ಪಕ್ಕದಲ್ಲೇ ‘ಬಿಬ್ ಗೂರ್ಮಾಂ’ ಎಂಬ ಇನ್ನೊಂದು ಗುರುತಿದೆ. 1997ರಿಂದ ಆ ಹೆಸರಿನಲ್ಲಿದೆ, ಮಿತವಾದ ಬೆಲೆಗೆ ಒಳ್ಳೆಯ ಊಟ ಕೊಡುವ ಜಾಗಗಳಿಗೆ. ಇದನ್ನು ನಕ್ಷತ್ರದ ತಮ್ಮ ಎಂದುಕೊಳ್ಳುವವರು ಹೆಚ್ಚು. ಅದು ಬೇರೆಯದೇ ಲೆಕ್ಕ.

ತಗಡಿನ ಟೇಬಲ್ ಅಡ್ಡಿಯಲ್ಲ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಸಿಂಗಪುರ ಇದೆ. 2016ರಲ್ಲಿ ಅಲ್ಲಿಯ ಹಾಕರ್ ಸೆಂಟರಿನ, ಅಂದರೆ ಸಣ್ಣ ತಿಂಡಿ ಅಂಗಡಿಗಳು ಒಂದೇ ಸೂರಿನಡಿ ಇರುವ ಜಾಗದ, ಒಂದು ಚಿಕನ್-ಅನ್ನದ ಅಂಗಡಿಗೆ ನಕ್ಷತ್ರ ಸಿಕ್ಕಿತು. 2024ರಲ್ಲಿ ಮೆಕ್ಸಿಕೋ ನಗರದ ಎಲ್ ಕಾಲಿಫಾ ದೆ ಲಿಯೋನ್ ಎಂಬ ಟಾಕೊ ಅಂಗಡಿಗೂ ಸಿಕ್ಕಿತು. ಕೂರಲು ಜಾಗವಿಲ್ಲ, ಪಟ್ಟಿಯಲ್ಲಿ ನಾಲ್ಕೇ ಬಗೆಯ ಟಾಕೊ. ದಕ್ಷಿಣ ಭಾರತದ ಅಡುಗೆಗೂ ಅವರ ನಾಲಿಗೆ ಹೊಸದಲ್ಲ, ನ್ಯೂಯಾರ್ಕಿನ ಸೆಮ್ಮಾ ಹೋಟೆಲಿಗೆ ನಕ್ಷತ್ರ ಇದೆ.

ಆದರೆ ಭಾರತಕ್ಕೆ ಆ ಗೈಡ್ ಬಂದೇ ಇಲ್ಲ. ಬರುವುದಕ್ಕೆ ಸಾಮಾನ್ಯವಾಗಿ ಆ ದೇಶದ ಪ್ರವಾಸೋದ್ಯಮ ಇಲಾಖೆ ಖರ್ಚು ಹೊರಬೇಕಾಗುತ್ತದೆ. ಥಾಯ್ಲೆಂಡ್ ಐದು ವರ್ಷಕ್ಕೆ 14.4 ಕೋಟಿ ಬಾತ್ ಒಪ್ಪಿಕೊಂಡ ಮೇಲೆಯೇ ಬ್ಯಾಂಕಾಕ್ ಆವೃತ್ತಿ ಬಂದದ್ದು. ಹಾಗಾಗಿ ‘ಸಿಗುತ್ತದೆಯೇ’ ಎಂಬ ಪ್ರಶ್ನೆಯ ಉತ್ತರ ಕ್ಯಾತ್ಸಂದ್ರದಲ್ಲಿಲ್ಲ. ಅರ್ಹತೆಯನ್ನು ಮಾತ್ರ ಇಲ್ಲಿ ತೂಗಬಹುದು.

ಹಿಟ್ಟು

600 ಇಡ್ಲಿಗೆ ಇಡ್ಲಿ ಅಕ್ಕಿ 30 ಕೆಜಿ, ಉದ್ದಿನ ಬೇಳೆ 7.5 ಕೆಜಿ, ಗಟ್ಟಿ ಅವಲಕ್ಕಿ 3 ಕೆಜಿ, ಸಬ್ಬಕ್ಕಿ 1.5 ಕೆಜಿ, ಮೆಂತ್ಯ 150 ಗ್ರಾಂ. ಒಣ ಸಾಮಾನು ಸುಮಾರು 42 ಕೆಜಿ ಆಯಿತು. ನೀರು ಸೇರಿ ರುಬ್ಬಿದಾಗ 90 ಕೆಜಿ ದಾಟುತ್ತದೆ. ಒಂದು ತಟ್ಟೆಗೆ 145 ಗ್ರಾಂ ಹುಯ್ದರೆ 87 ಕೆಜಿ ಖರ್ಚು, ಉಳಿದದ್ದು ಕೊಳಗದ ಅಂಚಿಗೂ ಸೌಟಿಗೂ ಹೋಗುತ್ತದೆ.

ಮಾಮೂಲಿ ಇಡ್ಲಿಗಿಂತ ಇದರಲ್ಲಿ ಅವಲಕ್ಕಿ, ಸಬ್ಬಕ್ಕಿ ಏಕೆ? ತಟ್ಟೆ ಅಗಲ, 13 ಸೆಂಟಿಮೀಟರಿನ ಆಸುಪಾಸು. ಅಷ್ಟು ಅಗಲದ ಇಡ್ಲಿ ಬರೀ ಅಕ್ಕಿ-ಉದ್ದಿನದಾದರೆ ಎತ್ತುವಾಗ ನಡುವೆ ಸೀಳುತ್ತದೆ, ತಣ್ಣಗಾದರೆ ಬಿರುಸಾಗುತ್ತದೆ. ಸಬ್ಬಕ್ಕಿಯ ಪಿಷ್ಟ ನೀರು ಹಿಡಿದಿಟ್ಟುಕೊಂಡು ಬಾಗುವ ಗುಣ ಕೊಡುತ್ತದೆ. ಹೆಚ್ಚಾದರೆ ರಬ್ಬರ್! ಅಕ್ಕಿಯ ಇಪ್ಪತ್ತನೇ ಒಂದು ಪಾಲು ಸಾಕು.

ಅಕ್ಕಿ 5–6 ಗಂಟೆ ನೆನೆಯಬೇಕು. ಉದ್ದಿಗೆ 3 ಗಂಟೆ ಸಾಕು, ಅದಕ್ಕಿಂತ ಬಹಳ ಬಿಟ್ಟರೆ ನೊರೆ ಕಟ್ಟುವ ಶಕ್ತಿ ಕುಗ್ಗುತ್ತದೆ. ಅವಲಕ್ಕಿಯನ್ನು ರುಬ್ಬುವ ಕಾಲು ಗಂಟೆ ಮುಂಚೆ ತೊಳೆದು ಇಟ್ಟರೆ ಆಯಿತು. ಉದ್ದು ಮೊದಲು ಗ್ರೈಂಡರಿಗೆ ಹೋಗುತ್ತದೆ. ತಣ್ಣೀರು ಸ್ವಲ್ಪ ಸ್ವಲ್ಪವೇ ಬಿಡುತ್ತ 25–30 ನಿಮಿಷ. ಬೇಸಗೆಯಲ್ಲಿ ಐಸ್ ನೀರು, ಇಲ್ಲದಿದ್ದರೆ ಕಲ್ಲು ಬಿಸಿಯಾಗಿ ಹಿಟ್ಟು ಆಗಲೇ ಹುಳಿಯ ದಾರಿ ಹಿಡಿಯುತ್ತದೆ. ಆಯಿತೋ ಇಲ್ಲವೋ ಎಂದು ನೋಡಲು ಒಂದು ಉಂಡೆಯನ್ನು ನೀರಿಗೆ ಬಿಡಿ, ತೇಲಬೇಕು. ಮುಳುಗಿದರೆ ಇನ್ನೂ ಗಾಳಿ ಸೇರಿಲ್ಲ, ಅಥವಾ ಬೇಳೆ ಹಳತು. ಹಳೆ ದಾಸ್ತಾನಿನ ಬೇಳೆಯನ್ನು ಎಷ್ಟು ತಿರುಗಿಸಿದರೂ ಉಬ್ಬುವುದಿಲ್ಲ. ಅಕ್ಕಿಗೆ ನುಣುಪು ಬೇಡ, ಸಣ್ಣ ರವೆಯ ತರಿ ಇರಬೇಕು.

ಉಬ್ಬಿಸುವ ಕೆಲಸ ಮುಖ್ಯವಾಗಿ ಬೇಳೆಯಲ್ಲೇ ಇರುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು. ಅದು ಬಿಡುವ ಇಂಗಾಲದ ಡೈಆಕ್ಸೈಡನ್ನು ಉದ್ದಿನ ಪ್ರೋಟೀನು ಮತ್ತು ಲೋಳೆ ಹಿಡಿದಿಡುತ್ತವೆ. 28–30 ಡಿಗ್ರಿಯಲ್ಲಿ 8ರಿಂದ 10 ಗಂಟೆಗೆ ಹಿಟ್ಟು ಇಮ್ಮಡಿಯಾಗುತ್ತದೆ. ಅದಕ್ಕೇ 70 ಲೀಟರಿನ ಮೂರು ಕೊಳಗ, ಒಂದೊಂದರಲ್ಲೂ ಅರ್ಧಕ್ಕಿಂತ ಕಡಿಮೆ ಹಿಟ್ಟು. ಜಾಗ ಉಳಿಸಲು ಎರಡೇ ಕೊಳಗಕ್ಕೆ ತುಂಬಿದರೆ ಬೆಳಗ್ಗೆ 4ಕ್ಕೆ ನೆಲದ ಮೇಲೆ ಹಿಟ್ಟು ಇರುತ್ತದೆ.

ತುಮಕೂರಿನ ಹವೆಯೇ ಮೊದಲ ಪರೀಕ್ಷೆ. ಡಿಸೆಂಬರ್, ಜನವರಿಯ ರಾತ್ರಿ ಪಾದರಸ 15–16 ಡಿಗ್ರಿಯ ಹತ್ತಿರ ಬರುತ್ತದೆ, ಹಿಟ್ಟು ಮಲಗಿಬಿಡುತ್ತದೆ. ಬಲ್ಲವರು ಉಗುರುಬೆಚ್ಚಗಿನ ನೀರಲ್ಲಿ ಅಕ್ಕಿ ರುಬ್ಬಿ, ಹಿಂದಿನ ದಿನದ ಹಿಟ್ಟನ್ನು ನೂರಕ್ಕೆ ಐದರಂತೆ ಸೇರಿಸಿ, ಕೊಳಗವನ್ನು ಒಲೆಯ ಮಗ್ಗುಲಿಗೆ ಸರಿಸಿ ಗೋಣಿ ಹೊದಿಸುತ್ತಾರೆ. ಪುರುಸೊತ್ತಿಲ್ಲದವರು ಸೋಡಾಪುಡಿಯ ಡಬ್ಬಕ್ಕೆ ಕೈ ಹಾಕುತ್ತಾರೆ. ಕೆಜಿ ಹಿಟ್ಟಿಗೆ ಒಂದೆರಡು ಗ್ರಾಂ ದಾಟಿತೆಂದರೆ ಇಡ್ಲಿಗೆ ಹಳದಿ ಛಾಯೆ, ನಾಲಿಗೆಗೆ ಸೋಪಿನ ರುಚಿ. ಉಬ್ಬಿರುವುದೇನೋ ನಿಜ, ಹುಳಿಯ ಹದ ಮಾತ್ರ ಇಲ್ಲ. ಬೆಣ್ಣೆ ಅದನ್ನು ಮುಚ್ಚುತ್ತದೆ ಎಂದುಕೊಂಡರೆ ತಪ್ಪು. ಏಪ್ರಿಲ್‌ನಲ್ಲಿ ತಿರುಗಾಮುರುಗಾ: ಸಂಜೆ 6ಕ್ಕೆ ರುಬ್ಬಿದ್ದು ರಾತ್ರಿ 2ಕ್ಕೇ ತಯಾರು, ಬೆಳಗ್ಗೆ 6ಕ್ಕೆ ಹುಳಿ.

ಹಬೆ, ಬಟ್ಟೆ

ಒಂದು ಪೆಟ್ಟಿಗೆಗೆ 36 ತಟ್ಟೆ. ಹಬೆ ಜೋರಾದ ಮೇಲೆ 12ರಿಂದ 14 ನಿಮಿಷ, ತುಂಬಿ ತೆಗೆಯುವ ಹೊತ್ತೂ ಸೇರಿ 20. ಎರಡು ಪೆಟ್ಟಿಗೆ ಹಿಂದೆಮುಂದೆ ಓಡಿದರೆ ಹತ್ತು ನಿಮಿಷಕ್ಕೊಮ್ಮೆ 36 ಬಿಸಿ ಇಡ್ಲಿ ಹೊರಬರುತ್ತದೆ. ಒಬ್ಬರಿಗೆ ಎರಡರಂತೆ 18 ಜನಕ್ಕೆ ಸಾಕು. ಈ 18 ಎಂಬ ಸಂಖ್ಯೆ ನೆನಪಿರಲಿ.

ಅಗಲದ ಇಡ್ಲಿಯಲ್ಲಿ ನಡುಭಾಗ ಬೇಯುವುದು ಕೊನೆಗೆ. ಒದ್ದೆ ಬೆರಳನ್ನು ಸರಿಯಾಗಿ ಮಧ್ಯಕ್ಕೆ ಒತ್ತಿದರೆ ಅಂಟಬಾರದು, ಅಂಚು ಒತ್ತಿ ನೋಡಿ ಪ್ರಯೋಜನವಿಲ್ಲ. ಬೆಂದ ಮೇಲೂ 2–3 ನಿಮಿಷ ಹೊರಗೆ ಬಿಟ್ಟು ಎಬ್ಬಿಸಬೇಕು. ಪೆಟ್ಟಿಗೆಯ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಮೇಲಿನ ಸಾಲಿನ ಇಡ್ಲಿಯ ಮೇಲೆ ಗುಳಿ ಬೀಳುತ್ತದೆ. ಮುಚ್ಚಳದ ಒಳಗೆ ದಪ್ಪ ಬಟ್ಟೆ ಕಟ್ಟಿದರೆ ನಿಲ್ಲುತ್ತದೆ, ಆದರೂ ಬಹಳ ಕಡೆ ಮಾಡುವುದಿಲ್ಲ.

ತಟ್ಟೆಗೆ ಹಾಸುವ ಬಟ್ಟೆಯದು ದೊಡ್ಡ ಕಥೆ. ಹತ್ತಿಯ ತೆಳು ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಹಾಸುವುದು ಹಳೆಯ ಪದ್ಧತಿ. ಅದಕ್ಕೆ 72 ತಟ್ಟೆಗೆ ಎರಡು ಜೊತೆಯಂತೆ ಸುಮಾರು 150 ತುಂಡು ಬೇಕು. ದಿನಾ ಕುದಿಸಿ ಒಗೆದು ಬಿಸಿಲಿಗೆ ಒಣಗಿಸುವ ಕೈಯೂ ಬೇಕು. ಅರ್ಧ ಒಣಗಿದ ಬಟ್ಟೆ ಮಳೆಗಾಲದಲ್ಲಿ ಮುಗ್ಗಲು ವಾಸನೆ ಹಿಡಿದು ಅದನ್ನೇ ಇಡ್ಲಿಗೆ ದಾಟಿಸುತ್ತದೆ. ಈ ತಾಪತ್ರಯ ತಪ್ಪಿಸಲು ಪ್ಲಾಸ್ಟಿಕ್ ಹಾಳೆ ಬಂತು: ಸಲೀಸಾಗಿ ಏಳುತ್ತದೆ, ಒಗೆಯುವ ಕೆಲಸವಿಲ್ಲ. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ಕಿನ ಅಂಶ ಆಹಾರಕ್ಕೆ ಇಳಿಯುತ್ತದೆ ಎಂಬ ಕಾರಣಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇಡ್ಲಿ ಬೇಯಿಸಲು ಅದನ್ನು ಬಳಸುವಂತಿಲ್ಲ ಎಂದಿತು. ಉಳಿದಿರುವ ದಾರಿ ಮೂರು: ಬಟ್ಟೆಗೆ ಮರಳುವುದು, ಬಾಳೆಲೆಯ ದುಂಡು ತುಂಡು, ಅಥವಾ ಸ್ಟೀಲ್ ತಟ್ಟೆಗೆ ಎಣ್ಣೆ ಸವರುವುದು. ಎಣ್ಣೆ ಸುಲಭ, ಆದರೆ ತಳ ಜಿಡ್ಡಾಗಿ ಚಟ್ನಿ ಹೀರುವುದಿಲ್ಲ. ಬಟ್ಟೆಯ ನೇಯ್ಗೆಯ ಗುರುತು ಕೂತ ಇಡ್ಲಿಗೆ ಇರುವ ಹೀರುವ ಗುಣ ಉಳಿದೆರಡಕ್ಕೂ ಇಲ್ಲ. ಕೈಚಳಕ ಎಂಬ ಅಂಕ ಬೀಳುವುದು ಇಂಥ ಜಾಗದಲ್ಲಿ.

ಚಟ್ನಿ

ತೆಂಗಿನ ಜಿಲ್ಲೆ ಇದು, ತಿಪಟೂರಿನ ಕೊಬ್ಬರಿ ಮಾರುಕಟ್ಟೆ ದೇಶಕ್ಕೇ ಗೊತ್ತು. ಹಾಗಿದ್ದೂ ಈ ಹೋಟೆಲಿಗೆ ಅಂಕ ಹೋಗುವುದು ಚಟ್ನಿಯಲ್ಲಿ. 600 ಇಡ್ಲಿಗೆ 36 ಲೀಟರ್ ಬೇಕು. ಸರಿಯಾದ ಅಳತೆಯೆಂದರೆ 40 ಕಾಯಿ, 5 ಕೆಜಿ ಹುರಿಗಡಲೆ, ಒಂದೂಕಾಲು ಕೆಜಿ ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಉಪ್ಪು. 2025ರಲ್ಲಿ ಕಾಯಿಯ ಬೆಲೆ ಗಗನಕ್ಕೇರಿದಾಗ ಆದದ್ದು ಊಹಿಸಬಹುದು: ಕಾಯಿ 25ಕ್ಕೆ ಇಳಿಯಿತು, ಹುರಿಗಡಲೆ 8 ಕೆಜಿಗೆ ಏರಿತು. ರುಬ್ಬಿದಾಗ ವ್ಯತ್ಯಾಸ ಕಾಣದು. ಅರ್ಧ ಗಂಟೆ ಬಿಟ್ಟು ನೋಡಿ, ಹುರಿಗಡಲೆ ನೀರು ಕುಡಿದು ಚಟ್ನಿ ಗಾರೆಯಂತೆ ಗಟ್ಟಿಯಾಗಿರುತ್ತದೆ. ಬಡಿಸುವ ಹುಡುಗ ಒಂದು ಚೊಂಬು ನೀರು ಸುರಿಯುತ್ತಾನೆ, ಉಪ್ಪು-ಖಾರ ಎರಡೂ ಸಪ್ಪೆ. ಎಂಟಕ್ಕೆ ತಿಂದವರಿಗೂ ಹತ್ತಕ್ಕೆ ತಿಂದವರಿಗೂ ಸಿಕ್ಕಿದ್ದು ಬೇರೆ ಬೇರೆ ಚಟ್ನಿ.

ಕಾಯಿ ಹೆಚ್ಚಿದ್ದರೂ ಇನ್ನೊಂದು ಕಾಟ ಇದೆ. ಬೇಸಗೆಯಲ್ಲಿ ಹಸಿಕಾಯಿ ಚಟ್ನಿ ಮೂರು ನಾಲ್ಕು ಗಂಟೆಗೇ ಹಳಸಲು ಶುರು. 12 ಲೀಟರಿನಂತೆ ಮೂರು ಸಲ ರುಬ್ಬಿ, ಒಗ್ಗರಣೆಯನ್ನೂ ಮೂರು ಸಲವೇ ಹಾಕುವುದು ಒಂದೇ ಪರಿಹಾರ.

ವಡೆಯ ವಿಷಯ ಚಿಕ್ಕದು. ಎಣ್ಣೆಯ ಕಾವು 175–180 ಡಿಗ್ರಿಯಲ್ಲಿ ನಿಂತರೆ ಹೊರಗೆ ಗರಿ, ಒಳಗೆ ಹತ್ತಿ. ಬಾಂಡ್ಲಿಗೆ ಒಂದೇ ಸಲ ಬಹಳ ಬಿಟ್ಟರೆ ಕಾವು ಇಳಿದು ಎಣ್ಣೆ ಕುಡಿಯುತ್ತದೆ. ಕಾದ ಎಣ್ಣೆಯನ್ನೇ ಮತ್ತೆ ಕಾಯಿಸುವುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಗಡಿ ಹಾಕಿದೆ, ಎಣ್ಣೆ ಕಾದಷ್ಟೂ ಹೆಚ್ಚುವ ಕೆಟ್ಟ ಅಂಶ (ಟೋಟಲ್ ಪೋಲಾರ್ ಕಾಂಪೌಂಡ್ಸ್) ನೂರಕ್ಕೆ 25 ದಾಟಬಾರದು. ಕಪ್ಪಗೆ ತಿರುಗಿ ನೊರೆ ಬರುವ ಎಣ್ಣೆಗೆ ಮೀಟರ್ ಬೇಕಿಲ್ಲ, ಚೆಲ್ಲಿದರಾಯಿತು. ಕಾಫಿ ಇಲ್ಲಿ ಚೆನ್ನಾಗಿಯೇ ಇರುತ್ತದೆ, ಎರಡನೇ ಡಿಕಾಕ್ಷನ್ನು ಬರುವ ತನಕ.

10:45ರ ತಟ್ಟೆ

ಬೆಳಗ್ಗೆ 7:30ಕ್ಕೆ ಈ ಹೋಟೆಲಿನಲ್ಲಿ ತಿಂದು ಯಾರೂ ದೂರುವುದಿಲ್ಲ. ಹಿಟ್ಟು ಹದದಲ್ಲಿದೆ, ಚಟ್ನಿ ಮೊದಲ ಸುತ್ತಿನದು, ಬೆಣ್ಣೆ ಬಿಸಿಗೆ ಕರಗಿ ಅಂಚಿಗೆ ಹರಿಯುತ್ತದೆ. ಆ ಒಂದು ತಟ್ಟೆಯನ್ನು ಇಟ್ಟುಕೊಂಡು ಕೇಳಿದರೆ ಮೊದಲ ನಾಲ್ಕು ಅಂಕಕ್ಕೂ ಸೈ ಎನ್ನಬಹುದು. ಪರೀಕ್ಷಕರು 10:45ಕ್ಕೆ ಬಂದರೆ?

ಅಷ್ಟು ಹೊತ್ತಿಗೆ 5:30ಕ್ಕೆ ಹದವಾಗಿದ್ದ ಹಿಟ್ಟು ಐದು ಗಂಟೆ ಹೆಚ್ಚು ಹುದುಗಿದೆ, ಅದೂ ಒಲೆಯ ಸೆಕೆಯಲ್ಲಿ. ಹುಳಿ ಏರಿದೆ, ಗಾಳಿ ಬಿಟ್ಟು ಹಿಟ್ಟು ಕುಸಿದಿದೆ. ಇಡ್ಲಿ ಚಪ್ಪಟೆ. ಇದನ್ನು ಮರೆಸಲು ಕೊಳಗಕ್ಕೆ ಇಡ್ಲಿ ರವೆ, ಚಿಟಿಕೆ ಸೋಡಾ ಬೀಳುತ್ತವೆ. ಇನ್ನೊಂದೆಡೆ ಜನ ಕಡಿಮೆಯಾದ್ದರಿಂದ ಬೆಂದ ಇಡ್ಲಿ ಪೆಟ್ಟಿಗೆಯಲ್ಲೇ ಕೂತು ತಳ ಒದ್ದೆಯಾಗುತ್ತದೆ.

ಭಾನುವಾರದ ಕೇಡು ಇದಕ್ಕೆ ಉಲ್ಟಾ. ದೇವರಾಯನದುರ್ಗಕ್ಕೆ ಹೊರಟವರು, ಸಿದ್ಧಗಂಗೆಗೆ ಬಂದವರು, ಬೆಂಗಳೂರಿಂದ ಇಡ್ಲಿಗೆಂದೇ ಬಂದವರು ಎಲ್ಲ ಕೂಡಿ ಹತ್ತು ನಿಮಿಷಕ್ಕೆ 40 ಜನ ನಿಂತರೆ ಆ 18ರ ಲೆಕ್ಕ ಮುರಿಯುತ್ತದೆ. ಶಿವರಾತ್ರಿಯ ಹೊತ್ತಿನ ಜಾತ್ರೆಯಲ್ಲಿ ಇನ್ನೂ ಹೆಚ್ಚು. ‘ಎರಡೇ ನಿಮಿಷ ಸಾರ್, ಬಿಸಿ ಬರ್ತಾ ಇದೆ’ ಎನ್ನುತ್ತ 9ನೇ ನಿಮಿಷಕ್ಕೇ ಪೆಟ್ಟಿಗೆ ತೆರೆಯುತ್ತಾರೆ. ನಡುಭಾಗ ಅಂಟಂಟು.

ಪರೀಕ್ಷಕರು ಆರು ವಾರ ಬಿಟ್ಟು ಮತ್ತೆ ಬಂದರೆ ಇನ್ನೊಂದು ತೊಡಕು. ಅಳತೆಯೆಲ್ಲ ಒಬ್ಬರ ಕೈಗುಣದಲ್ಲಿದೆ. ಡಬ್ಬದಲ್ಲಿ ಅಕ್ಕಿ ಅಳೆದು, ವಾಸನೆ ನೋಡಿ ಹಿಟ್ಟಿನ ಹದ ಹೇಳುವ ಮನುಷ್ಯ ಊರಿಗೆ ಹೋದ ವಾರ ಇಡ್ಲಿಯೇ ಬೇರೆ. ಗೈಡ್ ಹುಡುಕುವ ‘ಬಾಣಸಿಗರ ವ್ಯಕ್ತಿತ್ವ’ ಅಂದರೆ ಈ ಕೈಗುಣವೇ ತಾನೆ? ಹೌದು, ಆದರೆ ಅದು ರಜೆ ಹಾಕುವಂತಿಲ್ಲ.

ಹೀಗಾಗಿ ನಮ್ಮ ತೂಕ ಇದು: ನಕ್ಷತ್ರ ಈಗಲ್ಲ. ಕಾರಣ ಸ್ಟೂಲೂ ಅಲ್ಲ, ಎರಡೇ ತಿಂಡಿ ಇರುವುದೂ ಅಲ್ಲ. ಪಟ್ಟಿ ಚಿಕ್ಕದಿದ್ದಷ್ಟೂ ಒಂದೇ ಮಟ್ಟ ಕಾಯುವುದು ಸುಲಭ. ಬಿಬ್ ಗೂರ್ಮಾಂ ಮಾತ್ರ ಕೈಗೆಟಕುವ ದೂರದಲ್ಲಿದೆ, ನೂರು ರೂಪಾಯಿಯೊಳಗೆ ಹೊಟ್ಟೆ ತುಂಬಿಸಿ ಇಂಥ ಕೈಚಳಕ ತೋರುವ ಜಾಗಗಳು ಲೋಕದಲ್ಲಿ ಬಹಳ ಇಲ್ಲ. ಅಡ್ಡವಾಗಿರುವುದು ಸರದಿ ಬರುವಷ್ಟರಲ್ಲಿ ಹುಳಿಯುವ ಮೂರನೇ ಕೊಳಗ ಮತ್ತು ಚಟ್ನಿ.

ಸರಿಪಡಿಸುವುದು

ಮೂರೂ ಕೊಳಗವನ್ನು ಒಟ್ಟಿಗೆ ರುಬ್ಬುವುದನ್ನು ನಿಲ್ಲಿಸಬೇಕು. ಸಂಜೆ 7:30, ರಾತ್ರಿ 9:15, 11 ಹೀಗೆ ಅಂತರ ಬಿಟ್ಟರೆ ಬೆಳಗ್ಗೆ 5:30, 7:15, 9ಕ್ಕೆ ಒಂದೊಂದೇ ಹದಕ್ಕೆ ಬರುತ್ತದೆ. ಖರ್ಚು ಒಂದೇ, ರಾತ್ರಿ 11:30ರ ತನಕ ನಿಲ್ಲುವ ಒಬ್ಬರ ಸಂಬಳ. ಮಾಲೀಕರು ಒಪ್ಪದಿರುವುದೂ ಅದಕ್ಕೇ. ಇಲ್ಲವೆಂದರೆ ಫ್ರಿಜ್ಜು. ಆದರೆ 70 ಲೀಟರಿನ ಕೊಳಗವನ್ನು ಹಾಗೇ ಒಳಗಿಟ್ಟರೆ ಹೊರಮೈ ತಣ್ಣಗಾಗಿ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಒಳಗೊಳಗೇ ಹುಳಿಯುತ್ತದೆ. ಹದವಾದ ಹಿಟ್ಟನ್ನು 10 ಲೀಟರಿನ ಅಗಲ ಪಾತ್ರೆಗಳಿಗೆ ಹಂಚಿ 4–5 ಡಿಗ್ರಿಗೆ ಇಡಬೇಕು, ಹುಯ್ಯುವ ಒಂದು ಗಂಟೆ ಮುಂಚೆ ಹೊರತೆಗೆಯಬೇಕು, ಕಲಕಬಾರದು.

ಹುಳಿ ಅಳೆಯುವ ಪಿಎಚ್ ಕಾಗದ ಬಹಳ ಬೆಲೆಯದಲ್ಲ, ಅದರಲ್ಲಿ ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. 4.3ರಿಂದ 4.6ರ ನಡುವೆ ಹದ, 4ರ ಹತ್ತಿರ ಬಂದರೆ ಆ ಪಾತ್ರೆ ಇಡ್ಲಿಗೆ ಬೇಡ. ಡಬ್ಬದ ಅಳತೆಯ ಬದಲು ತಕ್ಕಡಿ, ಗೋಡೆಗೊಂದು ಚೀಟಿ: ತಾರೀಖು, ಅಕ್ಕಿಯ ಮೂಟೆ, ರುಬ್ಬಿದ ಗಂಟೆ, ರಾತ್ರಿಯ ಉಷ್ಣಾಂಶ, ಹದಕ್ಕೆ ಬಂದ ಗಂಟೆ. ಒಂದು ವರ್ಷ ಬರೆದಿಟ್ಟರೆ ಕೈಗುಣ ಬಹುಪಾಲು ಕಾಗದಕ್ಕೆ ಇಳಿಯುತ್ತದೆ. ಕಾಯಿಯ ಬೆಲೆ ಏರಿದಾಗ ಚಟ್ನಿಯ ಅಳತೆ ಮುಟ್ಟದೆ ಇಡ್ಲಿಗೆ ಎರಡು ರೂಪಾಯಿ ಏರಿಸುವುದು ಲೇಸು. ಎರಡನೇ ಸಲ ಚಟ್ನಿ ಕೇಳಿದರೆ ಮುಖ ಸಿಂಡರಿಸುವುದಕ್ಕಿಂತಲೂ ಅದು ವಾಸಿ.

ಬಂದರೆ

ಸಿಂಗಪುರದ ಆ ಚಿಕನ್ ಅಂಗಡಿ ನಕ್ಷತ್ರ ಬಂದ ಮೇಲೆ ಅದೇ ಹೆಸರಿನಲ್ಲಿ ಬೇರೆ ಮಳಿಗೆಗಳನ್ನು ತೆರೆಯಿತು. 2021ರಲ್ಲಿ ನಕ್ಷತ್ರ ಹೋಯಿತು. ಕ್ಯಾತ್ಸಂದ್ರದಲ್ಲೂ ಮನ್ನಣೆ ಬಂದ ಮರುದಿನವೇ ಮೂರನೇ ಪೆಟ್ಟಿಗೆ ತರುವ ಆಸೆ ಹುಟ್ಟುತ್ತದೆ. ಪೆಟ್ಟಿಗೆ ಹೆಚ್ಚಿಸುವುದು ಸುಲಭ. ಅದಕ್ಕೆ ತಕ್ಕ ಹಿಟ್ಟು, ಒಗೆದ ಬಟ್ಟೆ, ಹೊತ್ತುಹೊತ್ತಿನ ಚಟ್ನಿ ಹೆಚ್ಚಿಸುವುದು ಸುಲಭವಲ್ಲ.

ಇನ್ನೊಂದು ಮಾತು, ಪ್ರಕರಣದಿಂದ ಸ್ವಲ್ಪ ಹೊರಗಿನದು. ಇದೇ ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗಾ ಮಠದ ದಾಸೋಹದಲ್ಲಿ ದಿನವೂ ಸಾವಿರಾರು ಮಕ್ಕಳಿಗೆ, ಬಂದ ಭಕ್ತರಿಗೆ ಅನ್ನ ಬೀಳುತ್ತದೆ. ಬಿಲ್ಲು ಕೊಡದ ಜಾಗಕ್ಕೆ ಗೈಡಿನಲ್ಲಿ ಅಂಕಣವೇ ಇಲ್ಲ. ಬಿ.ಎಚ್. ರಸ್ತೆಯ ಮಿಲಿಟರಿ ಹೋಟೆಲುಗಳ ಮುದ್ದೆ-ಸಾರಿಗೆ, ಅವರೆಕಾಯಿ ಕಾಲದ ಸಾರಿಗೆ ಬೇರೆಯೇ ತೂಕ ಹಾಕಬೇಕು, ಇಡ್ಲಿಯ ಲೆಕ್ಕ ಅಲ್ಲಿಗೆ ಹೊಂದದು.

ಮಾದರಿ ಹೋಟೆಲಿಗೆ ಮರಳಿದರೆ, ಭಾನುವಾರಕ್ಕೆ ಸದ್ಯದ ದಾರಿ ಟೋಕನ್. ಹತ್ತು ನಿಮಿಷಕ್ಕೆ 18 ಟೋಕನ್ ಮಾತ್ರ, 600 ಮುಗಿದ ಕೂಡಲೇ ‘ಇಡ್ಲಿ ಮುಗಿದಿದೆ’ ಹಲಗೆ, ಅದು 9:30 ಆದರೂ ಸರಿ. ಗಲ್ಲಾದಲ್ಲಿ ಕೂತವರಿಗೆ ಮೊದಲ ಕೆಲವು ವಾರ ಹೊಟ್ಟೆ ಉರಿಯುತ್ತದೆ. ಆ ವಾರಗಳಲ್ಲೇ ಪೆಟ್ಟಿಗೆಯನ್ನು 9ನೇ ನಿಮಿಷಕ್ಕೆ ತೆರೆಯುವ ಅಭ್ಯಾಸವೂ ಬಿಟ್ಟುಹೋಗುತ್ತದೆ.